ಸಾಲೋಟಗಿಯ ಶಾಲೆ ಮತ್ತು ಜಾಗತೀಕರಣದ ಕಾಲೇಜು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ಕ್ರಿ.ಶ. 945ರ ಶಾಸನವೊಂದು ಪಾವಿಟ್ಟಗೆ ಎಂದು ಕರೆಯುತ್ತದೆ. ಪಂಪನ ಆದಿಪುರಾಣ ಪೂರ್ಣಗೊಂಡು ನಾಲ್ಕು ವರ್ಷಗಳಾಗಿದ್ದ ಕಾಲವದು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಯಲ್ಲಿ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಓದುತ್ತಿದ್ದರು; ಅವರ ವಾಸಕ್ಕೆ 27 ಮನೆಗಳಿದ್ದವು. ಉಪಾಧ್ಯಾಯನ ಜೀವನಕ್ಕೆ ಭೂಮಿ, ದೀಪದ ವೆಚ್ಚಕ್ಕೆ ಪ್ರತ್ಯೇಕ ಭೂಮಿ ಮೀಸಲಾಗಿದ್ದವು. ಊರಿನವರು ತಮ್ಮ ಮನೆಯ ಮದುವೆ, ಉಪನಯನಗಳ ಸಂದರ್ಭದಲ್ಲಿ ಶಾಲೆಗೆ ಇಂತಿಷ್ಟು ಹಣ ಸಲ್ಲಿಸಬೇಕೆಂಬ ಕಟ್ಟಳೆಯೂ ಶಾಸನದಲ್ಲಿದೆ. ಓದುವವರು ಪರಸ್ಥಳದವರು, ಓದಿನ ಭಾರ ಹೊತ್ತವರು ಊರಿನವರು.

ಈ ಚಿತ್ರವನ್ನು ಸುವರ್ಣಯುಗದ ಸಾಕ್ಷಿಯೆಂದು ಮೆರೆಸುವುದು ಸಲ್ಲದು. ಅಂದಿನ ಅಗ್ರಹಾರ, ಘಟಿಕಾಸ್ಥಾನಗಳ ಬಾಗಿಲು ಸಮಾಜದ ಬಹುಪಾಲು ಜನರಿಗೆ ತೆರೆದಿರಲಿಲ್ಲ; ಹೆಣ್ಣುಮಕ್ಕಳಿಗೂ ಶ್ರಮಿಕರ ಮಕ್ಕಳಿಗೂ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಸಾಲೋಟಗಿಯ ಶಾಸನ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ವಿದ್ಯಾಸಂಸ್ಥೆಯೊಂದು ಲೋಕಕ್ಕೆ ತೆರೆದುಕೊಳ್ಳುವುದಕ್ಕೂ ತನ್ನ ನೆಲಕ್ಕೆ ಅಂಟಿಕೊಂಡಿರುವುದಕ್ಕೂ ವಿರೋಧವಿಲ್ಲ. ಇಂದಿನ ಜಾಗತೀಕರಣದ ಚರ್ಚೆಯಲ್ಲಿ ಮರೆಯಾಗಿರುವುದು ಈ ತಿಳಿವಳಿಕೆಯೇ.

ಆಧುನಿಕ ಕರ್ನಾಟಕದ ಕಾಲೇಜುಗಳು ಮುಚ್ಚಿದ್ದ ಆ ಬಾಗಿಲನ್ನು ತೆರೆದವು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ ಹುಟ್ಟಿತು. ಸಪ್ತರ್ಷಿಗಳೆಂದೇ ಹೆಸರಾದ ಏಳು ಮಂದಿ 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ಅದೇ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಸಂಘಸಂಸ್ಥೆಗಳಿಗೆ ಆಧಾರವಾದದ್ದು ಸಾರ್ವಜನಿಕರ ವಂತಿಗೆ, ದಾನಿಗಳ ಔದಾರ್ಯ, ಅನಂತರದಲ್ಲಿ ಸರ್ಕಾರದ ಅನುದಾನ. ಮುಂದೆ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಲೆಯೆತ್ತಿದವು. ಇಂದು ಅವುಗಳ ಸಂಖ್ಯೆ ನಾನೂರನ್ನು ಮೀರಿದೆ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಮುಖ ಕಂಡ ಅಸಂಖ್ಯಾತ ಯುವಕ ಯುವತಿಯರು, ಬೆಳಿಗ್ಗೆ ಬಸ್ಸು ಹಿಡಿದು ಸಂಜೆ ಊರಿಗೆ ಮರಳುವವರು, ಈ ಕಾಲೇಜುಗಳಿಂದಲೇ ಬೆಳೆದವರು.

'ವಂತಿಗೆ' ಎಂಬ ಈ ಪದದ ಅರ್ಥಾಂತರದಲ್ಲಿ ಒಂದು ಚರಿತ್ರೆಯೇ ಅಡಗಿದೆ. ಒಮ್ಮೆ ಅದು ಊರಿನವರು ಕಾಲೇಜಿಗೆ ಕೊಡುತ್ತಿದ್ದ ಪಾಲು. ಈಗ ಕಾಲೇಜು ವಿದ್ಯಾರ್ಥಿಯಿಂದ ವಸೂಲು ಮಾಡುವ ಹಣ. ಇದನ್ನು ತಡೆಯಲೆಂದು ಕರ್ನಾಟಕ 1984ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಅಂದರೆ ಈ ಪಲ್ಲಟ 1991ರ ಉದಾರೀಕರಣಕ್ಕಿಂತ ಹಳೆಯದು; ಜಾಗತೀಕರಣ ಅದಕ್ಕೆ ಒಂದು ಪರಿಭಾಷೆಯನ್ನು ಒದಗಿಸಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯೊಂದಿಗೆ ಜಾರಿಗೆ ಬಂದ ಸೇವಾ ವ್ಯಾಪಾರದ ಒಪ್ಪಂದ ಶಿಕ್ಷಣವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಆ ಒಪ್ಪಂದದ ನುಡಿಗಟ್ಟಿನಲ್ಲಿ ವಿದೇಶಕ್ಕೆ ಓದಲು ಹೋಗುವುದು 'ಹೊರದೇಶದಲ್ಲಿ ಬಳಕೆ'. ವಿದೇಶಿ ವಿಶ್ವವಿದ್ಯಾಲಯ ಇಲ್ಲಿ ಶಾಖೆ ತೆರೆಯುವುದು 'ವಾಣಿಜ್ಯ ಉಪಸ್ಥಿತಿ'. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಲಾಭಕೋರತನವನ್ನು ನಿಷೇಧಿಸಿತಾದರೂ, ವಿದ್ಯಾಸಂಸ್ಥೆಯನ್ನು ನಡೆಸುವುದು ಸಂವಿಧಾನದ ಅರ್ಥದಲ್ಲಿ ಒಂದು 'ಉದ್ಯೋಗ'ವೆಂದು ಮನ್ನಿಸಿತು.

'ಸಮುದಾಯ ಕಾಲೇಜು' ಎಂಬ ಪದವೂ ಹೀಗೆಯೇ ಪಲ್ಲಟಗೊಂಡಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜಿನಿಂದ ಈ ಪರಂಪರೆಯನ್ನು ಗುರುತಿಸುವುದು ವಾಡಿಕೆ. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗದ 1947ರ ವರದಿ ಇಂಥ ಕಾಲೇಜುಗಳ ವಿಸ್ತರಣೆಗೆ ಒತ್ತು ಕೊಟ್ಟಿತು. ಮನೆಯ ಹತ್ತಿರ ಕಾಲೇಜು, ಕಡಿಮೆ ಶುಲ್ಕ, ಹೆಚ್ಚಿನ ತಡೆಯಿಲ್ಲದ ಪ್ರವೇಶ, ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳುವ ಅವಕಾಶ ಇವು ಅದರ ಲಕ್ಷಣಗಳು. ಅನೇಕ ರಾಜ್ಯಗಳಲ್ಲಿ ಸ್ಥಳೀಯರ ತೆರಿಗೆಯೇ ಅದರ ಆಧಾರ. ಒಂದರ್ಥದಲ್ಲಿ ಅದು ಸಾಲೋಟಗಿಯ ಮಾದರಿಗೆ ಹತ್ತಿರದ್ದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2013ರ ಸುಮಾರಿಗೆ ಈ ಹೆಸರಿನ ಯೋಜನೆಯನ್ನು ಭಾರತದಲ್ಲಿ ಆರಂಭಿಸಿದಾಗ ಒತ್ತು ಬಿದ್ದದ್ದು ಉದ್ದಿಮೆಗಳಿಗೆ ಬೇಕಾದ ಕೌಶಲಗಳ ಮೇಲೆ. ಕೌಶಲ ಅಗತ್ಯವೇ, ಅದನ್ನು ಹೀಗಳೆಯಬೇಕಿಲ್ಲ. ಆದರೆ ಹೊಣೆ ಹೊರುವ ಸಮುದಾಯ ಇಲ್ಲದೆ 'ಸಮುದಾಯ' ಎಂಬ ಹೆಸರು ಮಾತ್ರ ಆಮದಾಯಿತು.

ಬದಲಾವಣೆಯ ಪರಿಣಾಮವನ್ನು ತಾಲ್ಲೂಕು ಕೇಂದ್ರದ ಕಾಲೇಜಿನ ವೇಳಾಪಟ್ಟಿಯಲ್ಲಿ ಓದಬಹುದು. ಬಿ.ಕಾಂ., ಬಿ.ಸಿ.ಎ. ತರಗತಿಗಳು ತುಂಬುತ್ತವೆ, ಇತಿಹಾಸ ಮತ್ತು ಐಚ್ಛಿಕ ಕನ್ನಡ ಇರುವ ವಿಷಯ ಸಂಯೋಜನೆಗಳಿಗೆ ಸಾಕಷ್ಟು ವಿದ್ಯಾರ್ಥಿಗಳು ಸೇರುವುದಿಲ್ಲ. ಸೇರದ ಕಾರಣ ಹುದ್ದೆ ತುಂಬುವುದಿಲ್ಲ. ಹುದ್ದೆ ತುಂಬದ ಕಾರಣ ಸೇರುವವರು ಇನ್ನಷ್ಟು ಕುಗ್ಗುತ್ತಾರೆ. ಪಾಠದ ದೊಡ್ಡ ಭಾಗವನ್ನು ಹೊತ್ತಿರುವವರು ಸೇವಾಭದ್ರತೆಯಿಲ್ಲದ ಅತಿಥಿ ಉಪನ್ಯಾಸಕರು. ಸಾಲೋಟಗಿಯಲ್ಲಿ ವಿದ್ಯಾರ್ಥಿ ಅತಿಥಿಯಾಗಿದ್ದನು, ಉಪಾಧ್ಯಾಯ ನೆಲೆಯುಳ್ಳವನಾಗಿದ್ದನು. ಇಂದು ಊರಿನ ವಿದ್ಯಾರ್ಥಿಗೆ ಅತಿಥಿಯೇ ಉಪಾಧ್ಯಾಯ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟನ್ನು ಮೊದಲಿಗೆ ಅಳವಡಿಸಿಕೊಂಡ ಕರ್ನಾಟಕ, 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಎರಡು ನಿರ್ಧಾರಗಳಿಗೂ ಅವುಗಳದೇ ಸಮರ್ಥನೆಗಳಿವೆ. ನಡುವಿನ ಗೊಂದಲವನ್ನು ಅನುಭವಿಸಿದವರು ಮಾತ್ರ ವಿದ್ಯಾರ್ಥಿಗಳು.

ಅಳತೆಗೋಲಿನ ಪ್ರಶ್ನೆ ಇನ್ನೂ ಗಂಭೀರವಾದುದು. ಜಾಗತಿಕ ಶ್ರೇಯಾಂಕಗಳೂ ಅವುಗಳ ಮಾದರಿಯಲ್ಲಿ ಬಂದ ದೇಶೀಯ ಶ್ರೇಯಾಂಕಗಳೂ ಸಂಶೋಧನೆಯನ್ನು ಅಳೆಯುವುದು ಬಹುಮಟ್ಟಿಗೆ ಅಂತರರಾಷ್ಟ್ರೀಯ ಸೂಚಿಗಳಲ್ಲಿ ಸೇರಿದ ಪ್ರಕಟಣೆಗಳಿಂದ. ವಡ್ಡಾರಾಧನೆಯ ಒಂದು ಪಾಠಾಂತರವನ್ನು ನಿರ್ಣಯಿಸಲು, ಸವೆದ ವೀರಗಲ್ಲಿನ ಒಂದು ಸಾಲನ್ನು ಬಿಡಿಸಲು ವರ್ಷಗಟ್ಟಲೆ ಶ್ರಮಿಸಿದ ವಿದ್ವಾಂಸ ಅದನ್ನು ಕನ್ನಡದಲ್ಲಿ ಬರೆದರೆ ಆ ಅಳತೆಗೋಲಿಗೆ ಅದು ಕಾಣಿಸುವುದೇ ಇಲ್ಲ. 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಯಲ್ಲಿ ಹಳಗನ್ನಡವನ್ನು ಓದಿಸಬಲ್ಲವರೇ ವಿರಳವಾಗುತ್ತಿರುವುದು ಈ ಕಾಲದ ವಿಪರ್ಯಾಸ. ಓದುವ ಕಣ್ಣುಗಳು ಇಲ್ಲವಾದರೆ ತಾಳೆಗರಿ ಡಿಜಿಟಲ್ ರೂಪದಲ್ಲಿ ಉಳಿದೂ ಪ್ರಯೋಜನವಿಲ್ಲ.

ಹಾಗೆಂದು ಹೊರಗಿನ ಲೋಕವನ್ನು ಶತ್ರುವಾಗಿ ಕಾಣುವುದು ಕನ್ನಡ ವಿದ್ವತ್ತಿನ ಚರಿತ್ರೆಗೇ ಅಪಚಾರ. 1894ರಲ್ಲಿ ನಿಘಂಟನ್ನು ಕೊಟ್ಟ ಕಿಟೆಲ್ ಜರ್ಮನಿಯವರು. ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಹೊರತಂದ ಬಿ.ಎಲ್. ರೈಸ್ ಇಂಗ್ಲಿಷ್ ಮನೆತನದವರು. ಅಂದಿನ ವಸಾಹತುಶಾಹಿ ಮತ್ತು ಮಿಷನರಿ ಉದ್ದೇಶಗಳನ್ನು ಮರೆಯಬೇಕಿಲ್ಲ. ಆದರೆ ಅವರು ಈ ನೆಲದ ಪಂಡಿತರ ನೆರವಿನಿಂದ ಈ ನೆಲದ ನುಡಿಯನ್ನು ಕಲಿತರು ಎಂಬುದನ್ನೂ ಮರೆಯಲಾಗದು. ಇಂದು ಆ ಸಂಪುಟಗಳು ಸಣ್ಣ ಊರಿನ ವಿದ್ಯಾರ್ಥಿಯ ಮೊಬೈಲಿನಲ್ಲಿ ತೆರೆದುಕೊಳ್ಳುತ್ತವೆ. ಇಂಗ್ಲಿಷ್ ಮತ್ತು ಗಣಕಜ್ಞಾನ ಅನೇಕ ಬಡ ಮನೆಗಳ ಹೆಣ್ಣುಮಕ್ಕಳಿಗೆ ಸಂಬಳದ ಕೆಲಸ ತಂದುಕೊಟ್ಟಿವೆ. ಅದನ್ನು ಅಲ್ಲಗಳೆಯುವ ಹಕ್ಕು ಸುಭದ್ರ ಹುದ್ದೆಯಲ್ಲಿರುವ ಯಾವ ಪ್ರಾಧ್ಯಾಪಕರಿಗೂ ಇಲ್ಲ. ಹಳೆಯ ಟಿಪ್ಪಣಿಗಳನ್ನೇ ಓದಿ ಹೇಳುತ್ತ ಬಂದ ಕನ್ನಡ ವಿಭಾಗಗಳ ಜಡತೆಯೂ ವಿದ್ಯಾರ್ಥಿಗಳನ್ನು ದೂರ ತಳ್ಳಿದೆ.

ವಿದೇಶಿ ವಿಶ್ವವಿದ್ಯಾಲಯಗಳ ಶಾಖೆಗಳಿಗೆ 2023ರ ನಿಯಮಾವಳಿ ದಾರಿ ಮಾಡಿಕೊಟ್ಟಿದೆ. ಅವು ಬೆಂಗಳೂರಿಗೂ ಬರಲಿ. ಆದರೆ ಶುಲ್ಕ ತೆರಬಲ್ಲವರಿಗೆ ಅವು, ಉಳಿದವರಿಗೆ ಅರೆಖಾಲಿ ಹುದ್ದೆಗಳ ತಾಲ್ಲೂಕು ಕಾಲೇಜು ಎಂಬ ವಿಂಗಡಣೆ ನೆಲೆಗೊಂಡರೆ, ಅಗ್ರಹಾರದ ಮುಚ್ಚಿದ ಬಾಗಿಲು ಬೇರೊಂದು ರೂಪದಲ್ಲಿ ಮರಳಿದಂತೆಯೇ ಸರಿ. ಅದನ್ನು ತಡೆಯುವ ದಾರಿ ದುರ್ಗಮವೇನೂ ಅಲ್ಲ. ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರ ನೇಮಕ, ವಾಣಿಜ್ಯ ಮತ್ತು ಗಣಕವಿಜ್ಞಾನದ ವಿದ್ಯಾರ್ಥಿಗಳಿಗೂ ಕ್ರೆಡಿಟ್ ದೊರೆಯುವಂತೆ ಸ್ಥಳೀಯ ಶಾಸನ, ಹಸ್ತಪ್ರತಿ, ಮೌಖಿಕ ಪರಂಪರೆಗಳ ಅಧ್ಯಯನ, ಕನ್ನಡದಲ್ಲಿ ಬರೆದ ಸಂಶೋಧನೆಯನ್ನು ಕನ್ನಡ ಬಲ್ಲವರೇ ಮೌಲ್ಯಮಾಪನ ಮಾಡುವ ವ್ಯವಸ್ಥೆ ಇವು ಮೊದಲ ಹೆಜ್ಜೆಗಳು. ಇವುಗಳ ವೆಚ್ಚವನ್ನು ಸರ್ಕಾರ ಹೊರಬೇಕು. ಸಾಲದ್ದನ್ನು ತುಂಬುವ ವಂತಿಗೆಯನ್ನು ಆ ಕಾಲೇಜಿನಲ್ಲಿ ಓದಿ ನೆಲೆಕಂಡವರು ತಾವಾಗಿ ಕೊಡಬೇಕು. ಹತ್ತನೆಯ ಶತಮಾನದ ಒಂದು ಹಳ್ಳಿ ಮದುವೆಮನೆಯ ಖರ್ಚಿನಲ್ಲಿ ಪರನಾಡಿನ ಮಕ್ಕಳ ಓದಿಗೂ ಪಾಲು ತೆಗೆದಿರಿಸಿತ್ತು. ಇಂದಿನ ತಾಲ್ಲೂಕು ತನ್ನದೇ ಮಕ್ಕಳ ಓದಿಗಾಗಿ ಅಷ್ಟನ್ನು ಮಾಡಲಾರದೆ?