ಸುಂಕ ಕಟ್ಟೋರು ಲೆಕ್ಕಕ್ಕಿಲ್ವಾ?

ಹೋದ ವಾರ ಆಫೀಸ್ ಕ್ಯಾಂಟೀನಲ್ಲಿ ಮತ್ತದೇ ಮಾತು. ಗೆಳೆಯನೊಬ್ಬ ಊಟದ ತಟ್ಟೆ ಮುಂದಿಟ್ಕೊಂಡು ಶುರು ಮಾಡಿದ: "ಟ್ಯಾಕ್ಸ್ ಕಟ್ಟಿ ಕಟ್ಟಿ ಸಾಯೋರು ನಾವು ಮಗಾ, ಒಂದು ರೂಪಾಯಿ ಕಟ್ಟದೆ ಫ್ರೀ ಬಸ್ಸಲ್ಲಿ ಓಡಾಡೋರು ನಿಮ್ಮೂರೋರು." ಟೇಬಲ್ಲಲ್ಲಿದ್ದ ಐದೂ ಜನ ತಲೆ ಆಡಿಸಿದರು. ಫ್ರೀ ಬಸ್ ಒಳ್ಳೇದೋ ಕೆಟ್ಟದ್ದೋ, ಅದು ಬೇರೆ ಚರ್ಚೆ. ನನ್ನ ತಕರಾರಿರೋದು "ಒಂದು ರೂಪಾಯಿ ಕಟ್ಟದೆ" ಅನ್ನೋ ಮಾತಿನ ಮೇಲೆ. ಓದಿದವರ ಬಾಯಲ್ಲಿ ಈ ಸುಳ್ಳು ಇಷ್ಟು ಸಲೀಸಾಗಿ ಓಡಾಡೋಕೆ ಕಾರಣ, ಅವರ ಬಾಯಿಂದ ಒಂದು ಪದ ಬಿದ್ದುಹೋಗಿರೋದು. ಆ ಪದ ಸುಂಕ.

ನಮ್ಮೂರ ಬಸ್ಸು ಬೆಂಗಳೂರಿಗೆ ಬರೋದು ಮಾಗಡಿ ರಸ್ತೆಯಲ್ಲಿ, ಸುಂಕದಕಟ್ಟೆ ದಾಟಿ. ಬಿ.ಇ. ಓದೋವಾಗ ನಾಲ್ಕು ವರ್ಷ ಆ ಸ್ಟಾಪಲ್ಲಿ ಇಳಿದು ಹತ್ತಿದೀನಿ. ಒಂದು ದಿನಾನೂ ಆ ಹೆಸರನ್ನ ಬಿಡಿಸಿ ನೋಡಿರಲಿಲ್ಲ. ಸುಂಕದ ಕಟ್ಟೆ. ಸರಕು ಹೊತ್ತು ಬಂದವರು ನಿಂತು, ಹಣ ಎಣಿಸಿ ಕೊಟ್ಟು ಮುಂದೆ ಹೋಗೋ ಜಾಗ.

ಸುಂಕ ಹುಟ್ಟಾ ಕನ್ನಡದ ಪದ ಅಲ್ಲ. ಸಂಸ್ಕೃತದ ಶುಲ್ಕ ಪ್ರಾಕೃತದ ಬಾಯಲ್ಲಿ ಸುಂಕ ಆಗಿ ನಮ್ಮಲ್ಲಿಗೆ ಬಂತು. ತಮಿಳರಿಗೆ ಅದು ಸುಂಗಂ, ತೆಲುಗರಿಗೆ ಸುಂಕಂ, ಮಲಯಾಳಿಗಳಿಗೆ ಚುಂಗಂ. ಆಮೇಲೆ ನಾವು ಶುಲ್ಕವನ್ನೂ ಸಂಸ್ಕೃತದಿಂದ ನೇರವಾಗಿ ತಂದು ಸ್ಕೂಲು ಫೀಸಿಗೆ ಅಂಟಿಸಿದ್ವಿ. ಒಂದೇ ಪದ, ಎರಡು ವೇಷ. ಅಚ್ಚಗನ್ನಡ ಅಲ್ಲ ಅಂತ ಮೂಗು ಮುರಿಯೋರು ಶಾಸನಗಳನ್ನ ನೋಡಲಿ. ಸಾವಿರ ವರ್ಷದ ಹಿಂದೆಯೇ ಅದಕ್ಕೆ ಕನ್ನಡದ ತಲೆ ಕೂಡಿಸಿ ಪೆರ್ಜುಂಕ ಅಂತ ಮಾಡಿಕೊಂಡಿದ್ರು. ಅದೇ ಮುಂದೆ ಹೆಜ್ಜುಂಕ, ಹೆದ್ದಾರಿ ಹೆಜ್ಜೇನುಗಳ ಹಾಗೆ. ದೊಡ್ಡ ಸರಕಿನ ಸುಂಕ ಅದು. ಚಿಲ್ಲರೆ ಸರಕಿನ ಸುಂಕಕ್ಕೆ ಶಾಸನಗಳಲ್ಲಿ ಇರೋ ಹೆಸರು ಏನು ಗೊತ್ತಾ? ಕಿರುಕುಳ. ಅದೇ ಪದಕ್ಕೆ ಈಗಿನ ಅರ್ಥ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬ ವಚನಕಾರ ಇದ್ದ. ಹೆಸರಲ್ಲೇ ಕಾಯಕ ಇದೆ. ಉತ್ತರ ಕರ್ನಾಟಕದ ಕಡೆ ಇದೇ ವಸೂಲಿಗೆ ಜಕಾತಿ ಅಂದ್ರು, ಮುಸ್ಲಿಮರ ಧರ್ಮದಾನದ ಜಕಾತ್‌ನಿಂದ ಬಂದದ್ದು. ಹೆಂಡದ ಅಬಕಾರಿ ಪಾರಸಿಯದ್ದು, ಅದರಲ್ಲಿರೋ ಆಬ್ ಅಂದ್ರೆ ನೀರು! ಯಾವ ಭಾಷೆಯಿಂದಾದರೂ ಬರಲಿ, ಸರಕಿನ ಮೇಲೆ ಕೊಡೋ ಹಣಕ್ಕೆ ಜನರ ಬಾಯಲ್ಲಿ ಒಂದು ಹೆಸರಿತ್ತು.

ತೆರಿಗೆ ನಮ್ಮದೇ ಪದ. ಉಡು ಅನ್ನೋದರಿಂದ ಉಡಿಗೆ, ತೊಡು ಅನ್ನೋದರಿಂದ ತೊಡಿಗೆ, ತೆರು ಅನ್ನೋದರಿಂದ ತೆರಿಗೆ. ತೆರೋದು ಅಂದ್ರೆ ಕೊಡೋದು, ಬೆಲೆ ತೆರೋದು, ದಂಡ ತೆರೋದು. ಹಳೇ ಮೈಸೂರು ಕಡೆ ಹೆಣ್ಣಿನ ಮನೆಗೆ ಗಂಡಿನ ಕಡೆಯವರು ಕೊಡ್ತಿದ್ದ ಹಣಕ್ಕೂ ತೆರ ಅಂತಾನೇ ಹೆಸರು. ಅಂದ್ರೆ ಯಾರ ಕೈಯಿಂದ ಹಣ ಹೋಗುತ್ತೋ ಅವರೇ ತೆರುವವರು. ಆದರೆ ಇವತ್ತು "ತೆರಿಗೆದಾರ" ಅಂದ ಕೂಡಲೇ ಯಾರ ಮುಖ ಕಣ್ಣಿಗೆ ಬರುತ್ತೆ? ಫಾರ್ಮ್ 16 ಹಿಡ್ಕೊಂಡು ನಿಂತಿರೋ ನನ್ನದು, ನಿಮ್ಮದು. ಪದವನ್ನ ನಾವು ನಮ್ಮ ಹೆಸರಿಗೆ ಖಾತೆ ಮಾಡಿಸ್ಕೊಂಡುಬಿಟ್ಟಿದ್ದೀವಿ.

2017ರ ಜುಲೈ 1ರಂದು ಬಂದ ಜಿಎಸ್‌ಟಿಗೆ ಸರ್ಕಾರಿ ಕನ್ನಡದಲ್ಲಿ "ಸರಕು ಮತ್ತು ಸೇವಾ ತೆರಿಗೆ" ಅಂತ ಹೆಸರು. ನನ್ನ ಕೇಳಿದ್ರೆ ಅದು ಶುದ್ಧ ಸುಂಕ. ಅದರ ಕೋಡ್ ಲಾಜಿಕ್ ನೋಡಿ: ತಯಾರಕ, ಸಗಟು ವ್ಯಾಪಾರಿ, ಅಂಗಡಿಯವನು, ಪ್ರತಿಯೊಬ್ಬನೂ ತಾನು ಕಟ್ಟಿದ್ದನ್ನ ಇನ್‌ಪುಟ್ ಕ್ರೆಡಿಟ್ ಅಂತ ಹಿಂದಕ್ಕೆ ಪಡೀತಾನೆ. ಯಾರ ಮೇಲೂ ದಾಟಿಸೋಕಾಗದೆ ಪೂರ್ತಿ ಹೊರೋದು ಕೊನೇ ನೋಡ್ ಒಂದೇ, ಅಂದ್ರೆ ಕೊಳ್ಳೋರು. ನಮ್ಮವ್ವನ ಫೋನಿಗೆ 299 ರೂಪಾಯಿ ರೀಚಾರ್ಜ್ ಹಾಕಿಸಿದ್ರೆ ಶೇ. 18ರ ಲೆಕ್ಕದಲ್ಲಿ 45 ರೂಪಾಯಿ ಮೇಲೆ ಜಿಎಸ್‌ಟಿ. ನನ್ನ ಫೋನಿಗೂ ಅಷ್ಟೇ. ಆದ್ರೆ ಆ 45 ರೂಪಾಯಿ ದುಡಿಯೋಕೆ ನಂಗೆ ಎಷ್ಟು ನಿಮಿಷ ಬೇಕು, ಅವರಿವರ ಹೊಲದಲ್ಲಿ ಕಳೆ ಕೀಳೋ ಅವ್ವನಿಗೆ ಎಷ್ಟು ಹೊತ್ತು ಬೇಕು? ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚೋ ಎಣ್ಣೆ ಇವೆಲ್ಲ ಎಂಟು ವರ್ಷ ಶೇ. 18ರಲ್ಲೇ ಇದ್ವು. ಶೇ. 5ಕ್ಕೆ ಇಳಿದಿದ್ದು 2025ರ ಸೆಪ್ಟೆಂಬರ್ 22ಕ್ಕೆ. 2022ರ ಜುಲೈಯಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿ ಮೇಲೆ ಶೇ. 5 ಹಾಕಿದಾಗ ಮಿಲ್ಲಿನವರು 26 ಕೆಜಿ ಮೂಟೆ ಬಿಟ್ಟರು. ಎಡ್ಜ್ ಕೇಸ್ ಹುಡುಕೋದ್ರಲ್ಲಿ ಅವರು ನಮ್ಮ ಟೆಸ್ಟಿಂಗ್ ಟೀಮಿಗಿಂತ ಚುರುಕು. ಮೂಟೆಗಟ್ಲೆ ಕೊಳ್ಳೋನು ತಪ್ಪಿಸ್ಕೊಂಡ, ಐದು ಕೆಜಿ ಪ್ಯಾಕೆಟ್ ಕೊಳ್ಳೋನು ಕಟ್ಟಿದ.

"ಹೌದಪ್ಪ, ಆದ್ರೆ ನಾವು ಜಾಸ್ತಿ ಕೊಳ್ತೀವಿ, ಅದಕ್ಕೂ ಕಟ್ತೀವಿ, ಇನ್‌ಕಮ್ ಟ್ಯಾಕ್ಸ್ ಬೇರೆ" ಅಂತೀರಿ. ಒಪ್ಪಿದೆ. ಸಂಬಳದ ಸ್ಲಿಪ್ ನೋಡಿದಾಗ ನನ್ನ ಹೊಟ್ಟೇನೂ ಉರಿಯುತ್ತೆ. ಆದ್ರೆ ಒಂದು ವ್ಯತ್ಯಾಸ ಇದೆ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಅಂತ ನಮ್ಮಲ್ಲಿ ಗಾದೆ. ಇನ್‌ಕಮ್ ಟ್ಯಾಕ್ಸಿನವನ ಮುಂದೆ ನಾವು ಹೇಳ್ಕೊಬಹುದು. ಹಳೇ ರೆಜೀಮ್ ಆರಿಸ್ಕೊಂಡೋರು ಪ್ರತಿ ಜನವರಿಯಲ್ಲಿ ಎಚ್‌ಆರ್‌ಗೆ ಅಪ್‌ಲೋಡ್ ಮಾಡೋದು ಅದನ್ನೇ ಅಲ್ವಾ? ಮನೆ ಸಾಲ ಇದೆ ಸ್ವಾಮಿ, ಬಾಡಿಗೆ ಕಟ್ತಿದೀನಿ ಸ್ವಾಮಿ, ಅಪ್ಪ ಅಮ್ಮನಿಗೆ ಇನ್ಶೂರೆನ್ಸ್ ಮಾಡಿಸಿದೀನಿ ಸ್ವಾಮಿ. ಇಂತಿಷ್ಟಕ್ಕಿಂತ ಕಮ್ಮಿ ದುಡಿಯೋರನ್ನ ಅವನು ಮುಟ್ಟೋದೂ ಇಲ್ಲ. ಸೋಪಿನ ಮೇಲಿನ ಸುಂಕ ಯಾರ ಕಷ್ಟಾನೂ ಕೇಳಲ್ಲ. ಮಳೆ ಹೋಯ್ತಾ, ಕೂಲಿ ಸಿಕ್ತಾ, ಕೇಳಲ್ಲ. ಹೆಸರಿಗೆ ತೆರಿಗೆ ಅಂತ ಅಂಟಿಸಿದ್ರೂ ಬುದ್ಧಿ ಮಾತ್ರ ಗಾದೆಯಲ್ಲಿರೋ ಸುಂಕದವನದ್ದೇ.

ಕಟ್ಟೋರಿಗೂ ಇದು ಗೊತ್ತಾಗಲ್ಲ ಅನ್ನೋದೇ ನಂಗೆ ಜಾಸ್ತಿ ಸಿಟ್ಟು ತರಿಸೋದು. ಸುಂಕದ ಕಟ್ಟೆಯಲ್ಲಾದ್ರೆ ಕೊಡೋನಿಗೆ ತಾನು ಕೊಟ್ಟೆ ಅಂತ ಗೊತ್ತಿರ್ತಿತ್ತು. ಈಗ ಆ ಕಟ್ಟೆ ಪ್ಯಾಕೆಟ್ಟಿನ ಬೆನ್ನಿಗೆ ಬಂದು ಕೂತಿದೆ, ಎಂಆರ್‌ಪಿ ಪಕ್ಕ, ಇರುವೆ ಗಾತ್ರದ ಇಂಗ್ಲಿಷ್‌ನಲ್ಲಿ, ಎಲ್ಲಾ ತೆರಿಗೆ ಸೇರಿ ಅಂತ. ಎಷ್ಟು ಸೇರಿ? ಅದಿಲ್ಲ. ಬೆಲೆಯ ಪಕ್ಕ "ಇದರಲ್ಲಿ ಸುಂಕ ಇಷ್ಟು" ಅಂತ ಕನ್ನಡದಲ್ಲಿ, ಓದೋಕಾಗೋ ಅಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕೋಕೆ ಏನು ಕಷ್ಟ? ಎಕ್ಸ್‌ಪೈರಿ ದಿನಾಂಕ ಹಾಕೋ ಮಿಷನ್ನಿಗೆ ಇದು ಭಾರ ಆಗುತ್ತಾ?

ದೀಪಾವಳಿಗೆ ಊರಿಗೆ ಹೋದಾಗ ಅವ್ವನನ್ನ ಕೇಳಿದ್ದೆ, ನೀನು ಸರ್ಕಾರಕ್ಕೆ ಏನು ಕಟ್ತೀಯ ಅಂತ. "ಕಂದಾಯ ಕಟ್ಟೀವ್ನಿ, ರಸೀತಿ ಐತೆ" ಅಂತ ಟ್ರಂಕಿನ ಕಡೆ ಕೈ ತೋರಿಸಿದಳು. ಕೂತ್ಕೊಂಡು ರೀಚಾರ್ಜು, ಸೋಪು, ಬಿಸ್ಕತ್ತು ಎಲ್ಲದರ ಲೆಕ್ಕ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅವಳು ಕೇಳಿದ್ದು ಒಂದೇ:

"ಮತ್ತೆ ಇದಕ್ಯಾಕ್ಲಾ ರಸೀತಿ ಕೊಡಲ್ಲ?"