ಜೋಡಿ ಲೈನಿಗೆ ಕಾವಲು ಒಂದೇ ಸಾಕೆ?

ಬ್ಯಾಡಗಿ ಹಾಗೂ ರಾಣೇಬೆನ್ನೂರಿನ ವರ್ತಕ ಬಂಧುಗಳಿಗೆ ಕಂಪ್ಯೂಟರ್ ಮೂಲಕ ಟೆಂಡರ್ ದರ ನಮೂದಿಸುವುದು ಹೊಸತೇನಲ್ಲ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾದ ಮೇಲಂತೂ ನಿಗದಿತ ವೇಳೆಯೊಳಗೆ ದರ ತಲುಪುವುದು ವ್ಯಾಪಾರದ ಜೀವಾಳವಾಗಿದೆ. ಆದರೆ ಆ ದರ ಸಾಗುವ ಹಾದಿಯ ಬಗ್ಗೆ ನಮ್ಮಲ್ಲಿ ವಿಚಾರಿಸುವವರು ವಿರಳ.

ಮೇಡ್ಲೇರಿಯಲ್ಲಿ ಗೋದಾಮು, ರಾಣೇಬೆನ್ನೂರಿನಲ್ಲಿ ಕಚೇರಿ ಹೊಂದಿರುವ ಒಬ್ಬ ವರ್ತಕರು ಇವೆರಡರ ನಡುವೆ ತಲಾ 2 ಮೆಗಾಬಿಟ್‌ನ ಎರಡು ಲೀಸ್ಡ್ ಲೈನುಗಳನ್ನು ಪಡೆದಿರುವರೆಂದು ಭಾವಿಸೋಣ. ಫೈಬರ್ ಬಂದ ಕಡೆ ಇದರ ಅಗತ್ಯವಿಲ್ಲ. ಹಳೆಯ ಲೈನುಗಳೇ ಉಳಿದಿರುವಲ್ಲಿ ರೂಟರ್ ಅವೆರಡನ್ನೂ ಹೆಣೆದು ಒಂದೇ ಹಾದಿಯನ್ನಾಗಿ ಮಾಡುತ್ತದೆ. ಇದಕ್ಕೆ ಮಲ್ಟಿಲಿಂಕ್ ಪಿಪಿಪಿ ಎಂದು ಹೆಸರು. ಜೋಡಿಸಿಕೊಟ್ಟ ತಂತ್ರಜ್ಞರು ವೇಗವನ್ನು ತೋರಿಸುತ್ತಾರೆ, ನಾವು ತೃಪ್ತರಾಗಿ ಬಿಲ್ಲು ಪಾವತಿಸುತ್ತೇವೆ.

ಈ ಜೋಡಣೆಯ ನಿಯಮಗಳನ್ನು ವಿವರಿಸುವ, 1996ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1990ರಲ್ಲಿ ಗಮನಾರ್ಹವಾದ ಅಂಶವೊಂದಿದೆ. ಲೈನಿನ ಆಚೆ ತುದಿಯ ರೂಟರ್ ತನ್ನ ಗುರುತನ್ನು ಯಾವ ರೀತಿಯಲ್ಲೂ ಹೇಳದಿದ್ದರೆ, ಬೇರೆ ಸೂಚನೆ ಇಲ್ಲದ ಪಕ್ಷದಲ್ಲಿ, ಹೊಸದಾಗಿ ಬಂದ ಲೈನನ್ನು ಅದೇ ಕಟ್ಟಿಗೆ ಸೇರಿಸಿಕೊಳ್ಳತಕ್ಕದ್ದು! ಪರಿಚಯವಿಲ್ಲದವನ ಹುಂಡಿಯನ್ನು ಸಹಿ ನೋಡದೆ ಸ್ವೀಕರಿಸುವ ವರ್ತಕರು ನಮ್ಮಲ್ಲಿ ಯಾರಿದ್ದಾರೆ? ಇಲ್ಲಿ ಕಳ್ಳರ ಭಯಕ್ಕಿಂತ ಎಕ್ಸ್‌ಚೇಂಜಿನಲ್ಲಿ ತಂತಿ ಅದಲುಬದಲಾಗುವ ಸಂಭವವೇ ಹೆಚ್ಚೆಂಬುದು ನನ್ನ ಎಣಿಕೆ. ಎರಡಕ್ಕೂ ಮದ್ದು ಒಂದೇ.

ಆ ಮದ್ದು ಚಾಪ್ ಎಂಬ ದೃಢೀಕರಣ ಪದ್ಧತಿ. ಪ್ಯಾಪ್ ಎಂಬ ಹಳೆಯ ಪದ್ಧತಿಯಲ್ಲಿ ಗುಪ್ತಪದವು ತಂತಿಯ ಮೇಲೆ ಬಯಲಾಗಿಯೇ ಸಾಗುತ್ತದೆ. ಚಾಪ್‌ನಲ್ಲಿ ಒಂದು ರೂಟರ್ ಪ್ರತಿ ಸಾರಿಯೂ ಹೊಸ ಸವಾಲು ಹಾಕುತ್ತದೆ. ಇನ್ನೊಂದು ಅದಕ್ಕೆ ಗುಪ್ತಪದವನ್ನು ಬೆರೆಸಿ ಲೆಕ್ಕಮಾಡಿದ ಉತ್ತರವನ್ನಷ್ಟೇ ಕಳುಹಿಸುತ್ತದೆ. ಆದರೆ ಈ ತಪಾಸಣೆ ನಡೆಯುವುದು ಲೈನು ಕಟ್ಟಿಗೆ ಸೇರುವ ಮುನ್ನ. ಆದ್ದರಿಂದ ಕಟ್ಟಿನ ಮೇಲೆ ಮಾತ್ರ ಆಜ್ಞೆ ಬರೆದರೆ ಸಾಲದು, ಪ್ರತಿಯೊಂದು ಸೀರಿಯಲ್ ಇಂಟರ್‌ಫೇಸಿನ ಮೇಲೂ ಬರೆಯಬೇಕು, ಎರಡೂ ತುದಿಗಳಲ್ಲಿ ಬರೆಯಬೇಕು. ಎರಡು ಲೈನುಗಳಲ್ಲಿ ರೂಟರಿನ ಹೆಸರು ಬೇರೆಬೇರೆಯಾಗಿದ್ದರೆ ಅವು ಒಂದೇ ಕಟ್ಟಾಗುವುದಿಲ್ಲ. ನಿರೀಕ್ಷಿಸಿದ ವೇಗವೂ ದೊರೆಯುವುದಿಲ್ಲ.

ಚಾಪ್ ಗುರುತನ್ನು ಪರೀಕ್ಷಿಸುತ್ತದೆಯೇ ಹೊರತು ಸಾಗುವ ದರವನ್ನು ಮುಚ್ಚಿಡುವುದಿಲ್ಲ. ಅದಕ್ಕೆ ಐಪಿಸೆಕ್‌ನಂತಹ ಪ್ರತ್ಯೇಕ ಏರ್ಪಾಡು ಬೇಕು. ಇನ್ನು ಗುಪ್ತಪದವು ಎರಡೂ ರೂಟರುಗಳಲ್ಲಿ ಮರಳಿ ಓದಬಹುದಾದ ರೂಪದಲ್ಲೇ ಇರಬೇಕಾಗುತ್ತದೆ. ಅಂದಮೇಲೆ ಜೋಡಿಸಿದವರ ಲ್ಯಾಪ್‌ಟಾಪಿನಲ್ಲಿ ಉಳಿದ ಸಂರಚನಾ ಕಡತದ ಪ್ರತಿಯೇ ನಮ್ಮ ಬೀಗದ ಇನ್ನೊಂದು ಕೀಲಿಕೈ! ಕೆಲಸ ಮುಗಿದ ದಿನವೇ ಗುಪ್ತಪದವನ್ನು ಮಾಲೀಕರ ಸಮಕ್ಷಮ ಬದಲಾಯಿಸುವುದು, ಪ್ರತಿ ಲೈನನ್ನೂ ತಪ್ಪು ಗುಪ್ತಪದದಿಂದ ಪರೀಕ್ಷಿಸಿ ಅದು ತಿರಸ್ಕೃತವಾಗುವುದನ್ನು ಕಣ್ಣಾರೆ ನೋಡುವುದು, ಇವೆರಡನ್ನು ಹಸ್ತಾಂತರ ಪತ್ರದಲ್ಲಿ ಕಡ್ಡಾಯವಾಗಿ ಬರೆಸಿಕೊಂಡ ಬಳಿಕವೇ ಸದಸ್ಯರು ಕೊನೆಯ ಕಂತಿನ ಹಣ ನೀಡುವುದು ಉಚಿತ.