ಹಳೆಯ ಪತ್ತಲ, ಹೊಸ ಅಂಗಿ

ಹೊಲಿಗೆ ಕಲಿಯಬೇಕೆಂದು ಹೊರಟವರಿಗೆ ನಮ್ಮಲ್ಲಿ ದೊರೆಯುವ ಮೊದಲ ಉಪದೇಶ, ಪೇಟೆಗೆ ಹೋಗಿ ಎರಡು ಮೀಟರು ಅಗ್ಗದ ಹೊಸ ಬಟ್ಟೆ ತನ್ನಿರಿ ಎಂಬುದು. ಈ ಉಪದೇಶ ಸರಿಯಲ್ಲವೆಂದು ನನ್ನ ಮತ. ಮೊದಲ ಬಟ್ಟೆ ಮನೆಯ ಟ್ರಂಕಿನಿಂದಲೇ ಬರಬೇಕು. ಎಷ್ಟೋ ವರ್ಷ ಮೈಮೇಲೆ ಬಾಳಿ, ನೂರಾರು ಸಲ ನೀರು ಕಂಡು ಮೆತ್ತಗಾದ ಹತ್ತಿಯ ಅರಿವೆಯಾಗಿರಬೇಕು. ಧೋತರವಾದರೂ ಆಗಲಿ, ಪತ್ತಲವಾದರೂ ಆಗಲಿ, ನಡುವೆ ಸವೆದ ಹಾಸಿಗೆಯ ಚಾದರವಾದರೂ ಆಗಲಿ. ಇದು ಬರಿಯ ಮಿತವ್ಯಯದ ಮಾತಲ್ಲ.

ನಾನು ದರ್ಜಿಯಲ್ಲ. ಐವತ್ತು ದಾಟಿದ ಮೇಲೆ ಬೆಳಗಾವಿಯ ಶಹಾಪುರದ ಮನೆಯೊಂದರಲ್ಲಿ, ಕಾಲಿನಿಂದ ತುಳಿಯುವ ಹಳೆಯ ಯಂತ್ರದ ಮುಂದೆ ಕುಳಿತು, ಮೂರು ಮಳೆಗಾಲಗಳಿಂದ ಈ ವಿದ್ಯೆಯ ಓಂ ನಾಮ ತಿದ್ದುತ್ತಿರುವವನು. ಶಹಾಪುರವೆಂದರೆ ಒಂದು ಕಾಲಕ್ಕೆ ಸೀರೆಗೆ ಹೆಸರಾದ ಪೇಟೆ. ಸ್ವಾತಂತ್ರ್ಯ ಬರುವವರೆಗೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಊರು. ಪಕ್ಕದ ವಡಗಾಂವಿ, ಖಾಸಬಾಗಗಳ ಓಣಿಗಳಲ್ಲಿ ನಡೆದರೆ ಇಂದಿಗೂ ವಿದ್ಯುತ್ ಮಗ್ಗದ ಸದ್ದು ಕಿವಿಗೆ ಬೀಳುತ್ತದೆ. ನೇಯುವ ಊರಿನಲ್ಲಿದ್ದುಕೊಂಡು ಹಳೆಯ ಬಟ್ಟೆಯ ಪರವಾಗಿ ವಾದಿಸುವುದು ವಿಚಿತ್ರವೆನಿಸೀತು. ಆದರೆ ನೇಕಾರರ ಮನೆಯಲ್ಲಿ ಗೇಣುದ್ದದ ಚಿಂದಿಯನ್ನು ಬೀದಿಗೆ ಎಸೆದುದನ್ನು ನಾನಂತೂ ಕಂಡಿಲ್ಲ.

ಹಳೆಯ ಅರಿವೆ ಏನು ಕಲಿಸುತ್ತದೆ? ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಎಲ್ಲಿ ನೂಲು ತೆಳುವಾಗಿದೆ, ಎಲ್ಲಿ ಇನ್ನೂ ಜೀವವಿದೆ ಎಂಬುದು ಕೂಡಲೇ ಕಾಣುತ್ತದೆ. ಧೋತರ ಕುಳಿತುಕೊಳ್ಳುವ ಭಾಗದಲ್ಲಿ ಸವೆಯುತ್ತದೆ, ಎರಡೂ ತುದಿಗಳಲ್ಲಿ ಗಟ್ಟಿಯಾಗಿರುತ್ತದೆ. ಸೀರೆ ಕಾಲಿಗೆ ತಾಗುವ ಅಂಚಿನಲ್ಲಿ ಹರಿಯುತ್ತದೆ, ಒಳಗೆ ಸುತ್ತಿದ ಭಾಗ ಬಣ್ಣವನ್ನು ಕೂಡ ಉಳಿಸಿಕೊಂಡಿರುತ್ತದೆ. ಹೀಗೆ ನೋಡಿ ನೋಡಿ ಹಾಸು ಯಾವುದು, ಹೊಕ್ಕು ಯಾವುದು ಎಂಬ ವಿವೇಕ ಕಣ್ಣಿಗೆ ಬರುತ್ತದೆ. ಹಾಸಿನ ಎಳೆ ಉದ್ದಕ್ಕೆ ನಿಲ್ಲಬೇಕು. ಅಡ್ಡಕ್ಕೆ ಬಂದರೆ ಅಂಗಿ ಬೇಗ ಜೋತುಬೀಳುತ್ತದೆ. ಇನ್ನೊಂದು ಲಾಭವಿದೆ. ಸಾದಾ ನೇಯ್ಗೆಯ ಹತ್ತಿಬಟ್ಟೆಯ ಅಂಚಿಗೆ ಕತ್ತರಿಯಿಂದ ಒಂದು ಗಾಯ ಮಾಡಿ ಎರಡೂ ಕೈಯಿಂದ ಹರಿದರೆ, ಅದು ಎಳೆಯ ಗುಂಟ ನೇರವಾಗಿ ಹರಿಯುತ್ತದೆ. ಸೀಮೆಸುಣ್ಣ ಬೇಡ, ಅಳತೆಪಟ್ಟಿಯ ಗೆರೆ ಬೇಡ. ಕುಗ್ಗುವ ಭಯವೂ ಇಲ್ಲ. ಕುಗ್ಗಬೇಕಾದಷ್ಟು ಅದು ಎಂದೋ ಕುಗ್ಗಿಹೋಗಿದೆ. ಗಂಜಿಯಿಂದ ಸೆಟೆದ ಹೊಸ ಬಟ್ಟೆ ಮೊದಲ ಒಗೆತದವರೆಗೆ ತನ್ನ ನಿಜವನ್ನು ಹೇಳುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯದಕ್ಕೆ ಕತ್ತರಿ ಹಾಕುವಾಗ ಕೈ ನಡುಗುವುದಿಲ್ಲ.

ಏನನ್ನು ಹೊಲಿಯಬೇಕು ಎಂಬುದೂ ಅಷ್ಟೇ ಮುಖ್ಯ. ಕಾಲರು, ಬಾಗಿದ ತೋಳುಸಂದು ಉಳ್ಳ ಇಂದಿನ ಶರ್ಟು ಅಭ್ಯಾಸಿಯ ಪಾಲಿನ ಮೊದಲ ಪಾಠವಲ್ಲ. ನಮ್ಮ ಹಿರಿಯರ ಉಡುಪುಗಳನ್ನು ಬಿಚ್ಚಿ ನೋಡಿರಿ: ಬಹುಮಟ್ಟಿಗೆ ಎಲ್ಲವೂ ಆಯತ, ಚೌಕ, ತ್ರಿಕೋನ. ನಿಲುವಂಗಿಯ ಹಿಂದು ಮುಂದುಗಳು ಎರಡು ಆಯತ, ತೋಳುಗಳು ಇನ್ನೆರಡು ಆಯತ. ಬಗಲಿನಲ್ಲಿ ಅಂಗೈಯಗಲದ ಒಂದು ಚೌಕವನ್ನು ಓರೆಯಾಗಿ ಕೂಡಿಸುತ್ತಾರೆ. ಕೈ ಎತ್ತಿದಾಗ ಅಂಗಿ ಹರಿಯದಂತೆ ಕಾಯುವುದು ಈ ಚಿಕ್ಕ ಚೌಕವೇ. ಬಟ್ಟೆ ಓರೆಯಲ್ಲಿ ಹಿಗ್ಗುತ್ತದೆ ಎಂಬ ಗುಟ್ಟನ್ನು ಯಾವ ರೇಖಾಗಣಿತವನ್ನೂ ಓದದ ಕೈಗಳು ಅರಿತಿದ್ದವು. ಕೂಸಿನ ಕುಂಚಿಗೆಯಂತೂ ಇನ್ನೂ ಸುಲಭ: ಒಂದು ತುಂಡು ಅರಿವೆ, ಒಂದು ಮಡಿಕೆ, ಒಂದು ಹೊಲಿಗೆ. ಇಂಥ ಕತ್ತರಿಕೆಯಲ್ಲಿ ವ್ಯರ್ಥವಾಗುವುದು ಬಹಳ ಕಡಿಮೆ. ಮಗ್ಗದಲ್ಲಿ ಕೈಯಾರೆ ಎಳೆ ಕೂಡಿಸಿದ ಬಟ್ಟೆಯನ್ನು ಗುಂಡಗೆ ಕತ್ತರಿಸಿ ಎಸೆಯಲು ಅಂದಿನವರಿಗೆ ಮನಸ್ಸು ಬಾರದಿದ್ದುದು ಸಹಜವೇ. ನಾನು ಮೊದಲು ಹೊಲಿದುಕೊಂಡದ್ದು ನಮ್ಮ ತಾಯಿಯ ಪತ್ತಲದ ಒಳಸುತ್ತಿನಿಂದ ತೆಗೆದ ಒಂದು ಅರೆತೋಳಿನ ಅಂಗಿ. ಅದನ್ನು ಇಂದಿಗೂ ತೊಡುತ್ತೇನೆ.

ಪ್ರಾಸಂಗಿಕವಾಗಿ ಒಂದು ಮಾತು. ಗುಂಡಿಯ ಮನೆಗೆ ನಾವು ಹೇಳುವ ‘ಕಾಜ’ವೂ, ಬಟ್ಟೆಯ ಗೆರೆ ತೀಡುವ ‘ಇಸ್ತ್ರಿ’ಯೂ ಪೋರ್ತುಗೀಜರಿಂದ ಬಂದ ಮಾತುಗಳೆಂದು ಭಾಷಾಜ್ಞರು ಹೇಳುತ್ತಾರೆ, ‘ಅಸ್ತರ’ ಪಾರಸಿಯದು. ಈ ಊರಿನ ಸಿಂಪಿಗರು ತಮ್ಮ ಕುಲದವನೆಂದು ನೆನೆಯುವ ನಾಮದೇವ ಮರಾಠಿಯ ಸಂತ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಕನ್ನಡದವನು. ಗಡಿಯ ಜಗಳ ಸೂಜಿಗೆ ತಿಳಿದಂತಿಲ್ಲ.

ಅಂಗಿಗೂ ಮೊದಲಿನ ಪಾಠ ಬೇಕೆನ್ನುವವರು ಬೆಳಗಾವಿಯಿಂದ ಸುಮಾರು 26 ಕಿಲೋಮೀಟರು ದಕ್ಷಿಣಕ್ಕಿರುವ ಖಾನಾಪುರದ ಕಡೆ ಹೋಗಿ ಬರಬೇಕು. ಮಲಪ್ರಭೆ ಹುಟ್ಟುವುದು ಈ ತಾಲೂಕಿನ ಕಣಕುಂಬಿಯಲ್ಲಿ. ಜಾಂಬೋಟಿಯಿಂದಾಚೆ ಮಳೆ ಹಿಡಿದುಕೊಂಡಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ; ಮನೆಯೊಳಗಿನ ಗೋಡೆಯೂ ತಣ್ಣಗೆ ಬೆವರುತ್ತದೆ. ಆ ಚಳಿಗೆ ಉತ್ತರವಾಗಿ ಬಂದುದು ಕೌದಿ. ಹರಿದ ಧೋತರ, ಸೀರೆ, ಮಕ್ಕಳ ಚಣ್ಣ, ಎಲ್ಲವನ್ನೂ ಪದರ ಪದರವಾಗಿ ಹಾಸಿ, ಒತ್ತೊತ್ತಾದ ಸಾದಾ ಹೊಲಿಗೆಯ ಸಾಲುಗಳಿಂದ ಒಂದಾಗಿಸಿದ ಹೊದಿಕೆ. ನಮ್ಮ ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವುದುಂಟು.

ಖಾನಾಪುರದ ಕಾಡಂಚಿನಲ್ಲೂ, ಆಚೆಗಿನ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲೂ ಇರುವ ಸಿದ್ದಿ ಜನರ ಹೆಂಗಸರು ಇದನ್ನೇ ಬೇರೊಂದು ಕ್ರಮದಿಂದ ಮಾಡುತ್ತಾರೆ, ‘ಕವಂದಿ’ ಎನ್ನುತ್ತಾರೆ. ಒಂದು ಹಳೆಯ ಸೀರೆಯನ್ನು ಹಾಸಿ, ಅಂಚಿನಿಂದ ಶುರುಮಾಡಿ, ತುಂಡಿಗೆ ತುಂಡು ಸೇರಿಸುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ನಕ್ಷೆಯಿಲ್ಲ, ಮೊದಲೇ ಬರೆದುಕೊಂಡ ಗೆರೆಯಿಲ್ಲ. ಕೈಗೆ ಸಿಕ್ಕ ತುಂಡು ಮುಂದಿನ ತುಂಡನ್ನು ಕರೆಯುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ‘ಫುಲಾ’, ಎಂದರೆ ಹೂವು. ಅದಿಲ್ಲದ ಕವಂದಿಯನ್ನು ಅವರು ಬೆತ್ತಲೆ ಎನ್ನುತ್ತಾರಂತೆ. ಅಮೆರಿಕದ ಕಲಾಚರಿತ್ರಕಾರ ಹೆನ್ರಿ ಜಾನ್ ಡ್ರೂವಲ್ ಅವರು ಇವನ್ನು ಅಭ್ಯಸಿಸಿ ಬರೆದ ಮೇಲೆ, ಈ ಕವಂದಿಗಳು ಹೊರದೇಶದ ಪ್ರದರ್ಶನಗಳಲ್ಲಿಯೂ ಗೋಡೆಯೇರಿದವು.

ಗೋಡೆಯೇರಿದುದಕ್ಕೆ ಸಂತೋಷವೇ. ಆದರೆ ನನ್ನ ಚಿಂತೆ ಹಾಸಿಗೆಯದು. ಖಾನಾಪುರದ ಕಡೆಯ ಒಬ್ಬ ಅಜ್ಜಿ ನನ್ನೆದುರು ಹೇಳಿದ ಮಾತಿದು: ಬೆಳಗಾವಿಯ ವಸತಿಗೃಹಕ್ಕೆ ಓದಲು ಹೊರಟ ಮೊಮ್ಮಗಳು ಕೌದಿಯನ್ನು ಬಿಟ್ಟು ಹೋದಳು, ಹುಡುಗಿಯರು ನಗುತ್ತಾರೆಂದು, ಬದಲಿಗೆ ಪೇಟೆಯ ಹೊಳೆಯುವ ಪಾಲಿಯೆಸ್ಟರ್ ಬ್ಲಾಂಕೆಟ್ಟು ಕೊಂಡು ಕೊಡಬೇಕಾಯಿತು. ಅಜ್ಜಿಗೆ ಸಿಟ್ಟಿರಲಿಲ್ಲ. “ನನ್ನ ಗಂಡನ ಧೋತರ ಅದರಾಗ ಐತಿ” ಎಂದಷ್ಟೇ ಹೇಳಿದಳು. ಅದೇ ಬಗೆಯ ಕೌದಿಯನ್ನು ನಗರದ ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟರೆ ಅದು ಕಲೆಯಾಗುತ್ತದೆ, ಬೆಲೆ ಸಾವಿರಗಳಲ್ಲಿ ಏರುತ್ತದೆ. ಹೊಲಿದವಳ ಮೊಮ್ಮಗಳಿಗೆ ಮಾತ್ರ ಅದು ಬಡತನದ ಗುರುತು.

ಮೊದಲು ಅರಿವೆಗೆ ಒಂದು ಜೀವನಕ್ರಮವಿತ್ತು. ಹದಿನೆಂಟು ಮೊಳದ ಸೀರೆ ಹಳತಾದರೆ ಮಗಳಿಗೆ ಪರಕಾರ, ಪರಕಾರ ಹರಿದರೆ ಕೂಸಿಗೆ ಕುಂಚಿಗೆ, ಆಮೇಲೆ ಕೌದಿಯ ಒಳಪದರ, ಒರೆಸುವ ಬಟ್ಟೆ, ಕಟ್ಟಕಡೆಗೆ ದೀವಟಿಗೆಯ ಸುತ್ತು. ಮನೆಯ ಹೊಲಿಗೆಯೆಂಬುದು ಈ ಸರಪಳಿಯ ಒಂದು ಕೊಂಡಿ. ಸರಪಳಿ ಹರಿದದ್ದು ಎರಡು ಕಡೆ. ಒಂದು, ನಾಚಿಕೆ. ಇನ್ನೊಂದು, ಕೃತಕ ನೂಲು. ಪಾಲಿಯೆಸ್ಟರಿನ ಸೀರೆ ಬೇಗ ಹರಿಯುವುದಿಲ್ಲ, ನಿಜ. ಆದರೆ ಅದು ಬೆವರು ಹೀರುವುದಿಲ್ಲ, ಒಗೆದಷ್ಟೂ ಮೆತ್ತಗಾಗುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಂಥದರಿಂದ ಕೂಸಿಗೆ ಅಂಗಿ ಹೊಲಿಯಲಾಗದು. ಹೊಸದಾಗಿ ಹೊಲಿಗೆ ಕಲಿಯುವವರು ಮನೆಯ ಹಳೆಯ ಬಟ್ಟೆಯನ್ನೆಲ್ಲ ಒಂದೇ ಎಂದು ತಿಳಿಯದೆ, ಒಂದು ಎಳೆಯನ್ನು ಸುಟ್ಟು ನೋಡುವುದು ಲೇಸು: ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ, ಮತ್ತೊಂದು ಕರಗಿ ಗಟ್ಟಿ ಮಣಿಯಾಗುತ್ತದೆ.

ತೇಪೆಯ ಅಂಗಿಗೆ ಮರ್ಯಾದೆ ಬಂದ ಕಾಲಗಳೂ ಇದ್ದವು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಈ ಬೆಳಗಾವಿಯಲ್ಲಿ. ಸದಸ್ಯರು ತಿಂಗಳಿಗೆ 2000 ಗಜ ನೂಲನ್ನು ಸಲ್ಲಿಸಬೇಕೆಂಬ ನಿಯಮವನ್ನು ಇಲ್ಲಿ ಒಪ್ಪಿದರು. ಖಾದಿಗಾಗಿ ಜೀವ ತೇದ ಗಂಗಾಧರರಾವ ದೇಶಪಾಂಡೆಯವರ ಊರು ಹುದಲಿ ಇಲ್ಲಿಗೆ ಹತ್ತಿರದ್ದೇ. 1937ರಲ್ಲಿ ಗಾಂಧೀಜಿ ಅಲ್ಲಿಗೂ ಬಂದಿದ್ದರು. ಅದೇ ವರ್ಷ ವಾರ್ಧಾದಲ್ಲಿ, ಮಕ್ಕಳ ಶಿಕ್ಷಣದ ನಡುವೆ ಒಂದು ಕೈಕಸುಬು ಇರಬೇಕೆಂಬ ವಿಚಾರ ರೂಪುಗೊಂಡಿತು. ಯುದ್ಧದ ದಿನಗಳಲ್ಲಿ, 1943ರಲ್ಲಿ, ಬ್ರಿಟಿಷ್ ಸರಕಾರವೇ ಹಳೆಯ ಬಟ್ಟೆಯನ್ನು ತಿದ್ದಿ ಉಡುವ ಬಗೆಯನ್ನು ಕುರಿತು ಕೈಪಿಡಿಯೊಂದನ್ನು ಹಂಚಿತ್ತು. ಸರಕಾರ ಹೇಳಿದರೆ ದೇಶಸೇವೆ, ಖಾನಾಪುರದ ಅಜ್ಜಿ ಮಾಡಿದರೆ ದಾರಿದ್ರ್ಯ. ಈ ತಕ್ಕಡಿ ನನಗೆ ಅರ್ಥವಾಗುವುದಿಲ್ಲ.

ಸಿದ್ಧ ಉಡುಪು ಇಷ್ಟು ಅಗ್ಗವಾಗಿರುವಾಗ ಈ ಪರಿಶ್ರಮ ಏಕೆ ಎಂದು ಮಿತ್ರರು ಕೇಳುತ್ತಾರೆ. ಒಂದು ಅಂಗಿಗೆ ನನಗೆ ನಾಲ್ಕು ಸಂಜೆ ಬೇಕು. ಕೂಲಿ ಲೆಕ್ಕ ಹಾಕಿದರೆ ಖಂಡಿತ ನಷ್ಟವೇ. ಆದರೆ ಕೈಯಿಂದ ಒಂದು ತೋಳು ಕೂಡಿಸಿದವನಿಗೆ, ಆ ಅಗ್ಗದ ಅಂಗಿಯ ಹಿಂದೆ ಯಾರದೋ ಬೆನ್ನು ಎಷ್ಟು ಹೊತ್ತು ಬಾಗಿತ್ತೆಂಬುದು ತಿಳಿಯುತ್ತದೆ. ಅದನ್ನು ತಿಳಿದ ಮೇಲೆ ಅಗ್ಗವೆಂಬ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಶಾಲೆಗಳಲ್ಲಿ ಹಿಂದೆ ಹುಡುಗಿಯರಿಗೆಂದು ಹೊಲಿಗೆಯ ತಾಸು ಇರುತ್ತಿತ್ತು. ಹುಡುಗರನ್ನು ಆ ಹೊತ್ತಿಗೆ ಆಟಕ್ಕೆ ಬಿಡುತ್ತಿದ್ದರು. ತುಂಡುಬಟ್ಟೆಯ ಮೇಲೆ ಕಾಜ ಹೊಲಿಸಿ, ಅಂಕ ಕೊಟ್ಟು, ವಹಿಯಲ್ಲಿ ಅಂಟಿಸಿ ಇಡುವುದರಲ್ಲಿ ಅದು ಮುಗಿಯುತ್ತಿತ್ತು. ಉಡಲಿಕ್ಕಾಗದ್ದನ್ನು ಹೊಲಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ಎಷ್ಟೇ ವಾದಗಳಿರಲಿ, ಆರರಿಂದ ಎಂಟನೆಯ ತರಗತಿಯವರಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಕಸುಬಿಗಾಗಿ ಕೊಡಬೇಕೆಂಬ ಅದರ ಸಲಹೆ ಒಳ್ಳೆಯದು. ಹತ್ತು ದಿನದಲ್ಲಿ ಒಂದು ನಿಲುವಂಗಿ ಧಾರಾಳವಾಗಿ ಆಗುತ್ತದೆ. ಯಂತ್ರಗಳಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿಲ್ಲ. ಮೂವತ್ತು ಮಕ್ಕಳಿಗೆ ಮೂವತ್ತು ಸೂಜಿ, ನಾಲ್ಕು ಕತ್ತರಿ, ಹತ್ತು ರೀಲು ನೂಲು ಸಾಕು. ಕಲಿಸಲು ಊರಿನ ಕೌದಿಯ ಅಜ್ಜಿಯನ್ನೇ ಕರೆದು ಕುರ್ಚಿ ಕೊಡಲಿ, ಗೌರವಧನವನ್ನೂ ಕೊಡಲಿ. ಅರಿವೆಯನ್ನು ಮಕ್ಕಳು ಅವರವರ ಮನೆಯಿಂದಲೇ ತರಲಿ, ಹುಡುಗರೂ ತರಲಿ.